ಏಳು ಕತ್ತಿ, ಒಂದು ಅಕ್ಷರ

ಉಕ್ಕಿನ ಮೇಲೆ ಗೀರು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ವಿಕ್ರೋಳಿಯ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಮೂವತ್ತೈದು ವರ್ಷ ನಾನು ಮಾಡಿದ್ದು ಅದೊಂದೇ ಕೆಲಸ. ಅಚ್ಚುಗಳನ್ನು ಉಜ್ಜಬೇಕು, ಕೂದಲೆಳೆಯಷ್ಟು ಉಬ್ಬಿದ್ದರೂ ತೆಗೆಯಬೇಕು, ಮುಖ ಕಾಣುವಷ್ಟು ಹೊಳಪು ಬರುವ ತನಕ ಬಿಡಬಾರದು. ನನ್ನ ಕೈಯಿಂದ ಹೋದ ಮಾಲು ಒಮ್ಮೆಯೂ ವಾಪಸ್ ಬಂದಿಲ್ಲವೆಂದು ನಿವೃತ್ತಿಯ ದಿನ ಸಾಹೇಬರು ಹಾರ ಹಾಕಿ ಹೇಳಿದರು. ಆ ಮಾತನ್ನು ಹೊತ್ತುಕೊಂಡು ಉಬ್ಬಿ ಮನೆಗೆ ಬಂದೆ. ಮನೆಯಲ್ಲಿ ಕೂತ ಮೊದಲ ತಿಂಗಳಲ್ಲೇ, ಅದೇ ಉಬ್ಬಿನಲ್ಲಿ, ಅಪ್ಪನ ಕತ್ತಿಗಳಿಗೆ ಕೈ ಹಾಕಿದೆ.

ಅಪ್ಪ ಆಂಟಾಪ್ ಹಿಲ್‌ನಲ್ಲಿ ಕ್ಷೌರದ ಅಂಗಡಿ ಇಟ್ಟಿದ್ದ. ಎರಡು ಕುರ್ಚಿ, ಉದ್ದನೆಯ ಒಂದು ಕನ್ನಡಿ, ಬಿಸಿನೀರಿಗೊಂದು ಸ್ಟವ್, ಅಷ್ಟೇ. ವಿಜಾಪುರದ ಕಡೆಯಿಂದ ಬಂದ ಹೊಸದರಲ್ಲಿ ದಾದರ್ ಕಡೆಯ ಒಬ್ಬ ಮುದಿ ಪಾರ್ಸಿ ಯಜಮಾನರ ಮನೆಗೆ ದಿನಾ ಬೆಳಿಗ್ಗೆ ಹೋಗಿ ಗಡ್ಡ ಕೆರೆದು ಬರುತ್ತಿದ್ದನಂತೆ. ಯಜಮಾನರು ತೀರಿಕೊಂಡ ಮೇಲೆ ಅವರ ಹೆಂಡತಿ ಗಂಡನ ಕತ್ತಿಪೆಟ್ಟಿಗೆಯನ್ನು ಅಪ್ಪನ ಕೈಗಿಟ್ಟರು. ಮಖಮಲ್ಲಿನ ಮೇಲೆ ಸಾಲಾಗಿ ಮಲಗಿಸಿದ ಏಳು ಕತ್ತಿ, ವಾರದ ಏಳು ದಿನಕ್ಕೆ ಒಂದೊಂದು. ದಂತದ ಬಣ್ಣದ ಹಿಡಿ, ಅಲಗಿನ ಬೆನ್ನಿನ ಮೇಲೆ ಬಂಗಾರದ ಬಣ್ಣದಲ್ಲಿ, ಇಂಗ್ಲಿಷಿನಲ್ಲಿ, ಆಯಾ ದಿನದ ಹೆಸರು. ಒಂದು ದಿನ ದುಡಿದ ಕತ್ತಿಗೆ ಆರು ದಿನ ವಿಶ್ರಾಂತಿ ಕೊಡುವುದು ಶ್ರೀಮಂತರ ಪದ್ಧತಿ. ಅಪ್ಪನಿಗೆ ಇಂಗ್ಲಿಷೂ ಬಾರದು, ಕನ್ನಡ ಓದಲೂ ಬಾರದು. ಅವನು ಆ ಏಳನ್ನೂ ವಸ್ತರಾ ಎಂದೇ ಕರೆಯುತ್ತಿದ್ದ, ಬೇಕಾದ ಹಾಗೆ ಹಂಚಿಕೊಂಡು ಬಳಸುತ್ತಿದ್ದ.

ನಾನು ಅಂಗಡಿಯ ಕಡೆ ಹೋಗುತ್ತಿದ್ದುದು ಕಡಿಮೆ. ನಿಜ ಹೇಳಬೇಕೆಂದರೆ ನಾಚಿಕೆ. ಸಾಲೆಯ ಹುಡುಗರು ಅಲ್ಲೇ ಕಟಿಂಗಿಗೆ ಬರುತ್ತಿದ್ದರು, ಅವರ ಕೂದಲು ಗುಡಿಸುವ ಕೆಲಸ ನನಗೆ ಬಂದೀತೆಂದು ತಪ್ಪಿಸಿಕೊಂಡು ಓಡಾಡುತ್ತಿದ್ದೆ. ಆ ಕೆಲಸ ಅಕ್ಕ ಮಾಡಿದಳು. ಅವ್ವ ಹಾಸಿಗೆ ಹಿಡಿದಾಗ ಅಕ್ಕ ಮುನಿಸಿಪಾಲಿಟಿಯ ಕನ್ನಡ ಸಾಲೆಯಲ್ಲಿ ನಾಲ್ಕನೆಯ ಇಯತ್ತೆ. ಮನೆಯಲ್ಲಿ ಒಬ್ಬರು ನಿಲ್ಲಬೇಕಿತ್ತು, ಅವಳನ್ನು ನಿಲ್ಲಿಸಿದರು. ನಾನು ಹತ್ತನೆಯ ಇಯತ್ತೆ ಮುಗಿಸಿ, ಐಟಿಐಯಲ್ಲಿ ಟ್ರೇಡ್ ಕಲಿತು, ವಿಕ್ರೋಳಿಯ ಗೇಟಿನೊಳಗೆ ಹೋದೆ. ಅಲ್ಲಿ ಯಾರಾದರೂ ಕೇಳಿದರೆ ಅಪ್ಪಂದು ಬಿಸ್ನೆಸ್ ಅನ್ನುತ್ತಿದ್ದೆ.

ಅಪ್ಪ ಹೋದ ಮೇಲೆ ಅಂಗಡಿ ಖಾಲಿ ಮಾಡಿದವಳೂ ಅಕ್ಕನೇ. ಏಳೂ ಕತ್ತಿಗಳನ್ನು ತೊಳೆದು, ಎಣ್ಣೆ ಹಚ್ಚಿ, ಪೆಟ್ಟಿಗೆಯಲ್ಲಿಟ್ಟು, "ಗಂಡುಮಗಾ ನೀ, ನಿನ್ನ ಕಡೆ ಇರ್ಲಿ" ಎಂದು ನನಗೆ ಕೊಟ್ಟಳು. ನಾನು ಅದನ್ನು ಸಾಂತಾಕ್ರೂಜ್‌ನ ನಮ್ಮ ಫ್ಲ್ಯಾಟಿನ ಅಟ್ಟಕ್ಕೆ ಎತ್ತಿಟ್ಟೆ, ಮರೆತೆ. ಇಪ್ಪತ್ತು ವರ್ಷ ಅಲ್ಲೇ ಬಿದ್ದಿತ್ತು. ಸಮುದ್ರದ ಗಾಳಿ ಉಕ್ಕನ್ನು ಬಿಡುತ್ತದೆಯೇ? ಕೆಳಗಿಳಿಸಿ ತೆಗೆದಾಗ ಏಳೂ ಕತ್ತಿಗಳು ಕಂದು ಬಣ್ಣಕ್ಕೆ ತಿರುಗಿದ್ದವು.

ಅಷ್ಟು ತುಕ್ಕು ನೋಡಿ ನನಗೆ ದುಃಖವಾಗಬೇಕಿತ್ತು. ಆದದ್ದು ಖುಷಿ. ಕೆಲಸ ಸಿಕ್ಕಿತಲ್ಲ ಎಂಬ ಖುಷಿ! ಬಾಲ್ಕನಿಯಲ್ಲಿ ಸಣ್ಣ ಮೋಟರಿಗೆ ಹೊಳಪು ಕೊಡುವ ಬಫಿಂಗ್ ವೀಲ್ ಕೂರಿಸಿದೆ. ಹಿಡಿಗಳ ಪಿನ್ನು ಬಿಚ್ಚಿ ಅಲಗುಗಳನ್ನು ಬೇರೆ ಮಾಡಿ ಒಂದೇ ಟ್ರೇನಲ್ಲಿ ಎಣ್ಣೆಗೆ ಹಾಕಿದೆ. ಮೊದಲು ಒರಟು ಎಮರಿ ಪೇಪರ್, ಆಮೇಲೆ ನಯದ್ದು, ಆಮೇಲೆ ಇನ್ನೂ ನಯದ್ದು, ಕೊನೆಗೆ ವೀಲಿನ ಮೇಲೆ ಹಸಿರು ಪೇಸ್ಟು. ಒಂದೆರಡು ಅಲಗುಗಳಲ್ಲಿ, ಹಿಡಿಗೆ ಸೇರುವ ಕುತ್ತಿಗೆಯ ಹತ್ತಿರ, ತುಕ್ಕಿನ ಕೆಳಗೆ ಗೀರುಗಳಿದ್ದವು. ಆಳವಾಗಿ, ಅಡ್ಡಾದಿಡ್ಡಿ. ಯಾವ ದರಿದ್ರದವನು ಇದನ್ನು ಕೆರೆದಿಟ್ಟನೋ ಎಂದು ಬೈದುಕೊಂಡೆ. ಉಳಿದದ್ದೆಲ್ಲ ಸಲೀಸಾಗಿ ಹೋಯಿತು, ಆ ಗೀರುಗಳು ಮಾತ್ರ ಒಂದು ಇಡೀ ಮಧ್ಯಾಹ್ನ ತಿಂದವು. ಬೆರಳಾಡಿಸಿದರೆ ಏನೂ ಸಿಗಬಾರದು, ಅಲ್ಲಿಯವರೆಗೆ ಉಜ್ಜಿದೆ.

ಹದಿನೈದು ದಿನಕ್ಕೆ ಏಳೂ ತಯಾರಾದವು. ಒಂದರಂತೆ ಇನ್ನೊಂದು, ಕನ್ನಡಿಯ ಹಾಗೆ. ಬೆನ್ನಿನ ಮೇಲಿದ್ದ ದಿನದ ಹೆಸರುಗಳು ಮೊದಲೇ ಮಸುಕಾಗಿದ್ದವು, ಅವೂ ಹೋದವು. ಹೋದದ್ದು ನನಗೆ ಗೊತ್ತೂ ಆಗಲಿಲ್ಲ.

ಹಾಲ್‌ನ ಶೋಕೇಸಿನಲ್ಲಿ ಗಾಜಿನ ಹಿಂದೆ ಇಟ್ಟೆ. ಬಿಲ್ಡಿಂಗಿನ ಸೊಸೈಟಿಯವರು ಬಂದಾಗ ತೋರಿಸಿ, "ನಮ್ಮ ಅಜ್ಜಂದು, ಶೇವಿಂಗ್ ಸೆಟ್. ದಿನಕ್ಕೊಂದು ಬಳಸುತ್ತಿದ್ದರು" ಎಂದು ಹಿಂದಿಯಲ್ಲಿ ಬಿಟ್ಟೆ. ಕ್ಷೌರ ಮಾಡುವವನ ಕತ್ತಿಯನ್ನು ಮಾಡಿಸಿಕೊಳ್ಳುವವನ ಕತ್ತಿ ಮಾಡಿಬಿಟ್ಟೆ, ಒಂದೇ ಮಾತಿನಲ್ಲಿ. ಬಂದವರು ಹೋದ ಮೇಲೆ ನನ್ನ ಹೆಂಡತಿ ಒಳಗಿನಿಂದ ಬಂದಳು. ಧಾರವಾಡದವಳು, ಮಾತು ಹರಿತ.

"ನಿಮ್ಮಜ್ಜಾರು ಎದಿತನಾ ಗಡ್ಡಾ ಬಿಟ್ಟಿದ್ರಂತ ಮಾವನೋರು ಹೇಳ್ತಿದ್ರಲ್ರೀ. ಶೇವಿಂಗ್ ಸೆಟ್ ತಗೊಂಡು ಏನ್ ಮಾಡ್ತಿದ್ರು, ಉಳ್ಳಾಗಡ್ಡಿ ಹೆಚ್ಚತಿದ್ರೇನು?"

"ಸುಮ್ನಿರs ನೀ" ಎಂದೆ. ಅವಳು ನಗುತ್ತಾ ಒಳಗೆ ಹೋದಳು, ನನಗೆ ಕಿವಿ ಬಿಸಿಯಾಯಿತು.

ಸೊಸೈಟಿಯಲ್ಲೊಬ್ಬರು, ಇಂಥ ಹಳೆಯ ಸೆಟ್ಟಿಗೆ ಭಾರಿ ಬೆಲೆ ಇರುತ್ತದೆ, ತೋರಿಸಿ ನೋಡಿ ಎಂದರು. ಮಾರುವ ವಿಚಾರವಿರಲಿಲ್ಲ. ಆದರೆ ಬೆಲೆ ಗೊತ್ತಿದ್ದರೆ ಅಜ್ಜನ ಕತೆಗೆ ಇನ್ನಷ್ಟು ತೂಕ ಬರುತ್ತದಲ್ಲ. ಪೆಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಲೋಕಲ್ ಹತ್ತಿ, ಫೋರ್ಟ್ ಕಡೆ ಗಲ್ಲಿಯೊಂದರಲ್ಲಿದ್ದ ಹಳೆಯ ಸಾಮಾನಿನ ಅಂಗಡಿಗೆ ಹೋದೆ. ಅಂಗಡಿಯ ಮುದುಕ ಮರ್ಯಾದೆಯಿಂದ ಕೂರಿಸಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಒಂದೊಂದನ್ನೇ ಬಿಚ್ಚಿ ನೋಡಿದ. ಆಮೇಲೆ ಕೇಳಿದ:

"ಇನ್‌ಕೋ ನೆಹಲಾಯಾ ಕಿಸ್‌ನೆ?" ಇವಕ್ಕೆ ಸ್ನಾನ ಮಾಡಿಸಿದವರು ಯಾರು ಎಂದು.

"ಮೈನೆ" ಎಂದೆ, ಎದೆ ಮುಂದೆ ಮಾಡಿ.

ಅವನು ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟ. ಸಿಟ್ಟು ಮಾಡಲಿಲ್ಲ, ಡಾಕ್ಟರು ಹೇಳುವ ಹಾಗೆ ಹೇಳಿದ. ತುಕ್ಕು ಹಿಡಿದದ್ದನ್ನೇ ತಂದಿದ್ದರೆ ಎರಡೂ ಕೈಯಲ್ಲಿ ತೆಗೆದುಕೊಳ್ಳುತ್ತಿದ್ದೆ, ತುಕ್ಕು ನಮಗೆ ಅಡ್ಡಿಯಿಲ್ಲ. ಮಾಡಿದವನ ಮುದ್ರೆ ಹೋಗಿದೆ, ದಿನದ ಹೆಸರು ಹೋಗಿದೆ, ಬಳಸಿದವನ ಕೈ ಗುರುತು ಹೋಗಿದೆ. ಕೆಲಸ ಅಚ್ಚುಕಟ್ಟು, ಒಪ್ಪುತ್ತೇನೆ. ಆದರೆ ಇವು ಈಗ ಹಳೆಯ ಕತ್ತಿಗಳೂ ಅಲ್ಲ, ಹೊಸವೂ ಅಲ್ಲ, ನಾನು ಯಾವ ಬೆಲೆ ಹೇಳಲಿ? ಹೀಗೆಂದು ಕತ್ತಿಗಳನ್ನು ಮಡಚುತ್ತಾ, ಎರಡನ್ನು ಬದಿಗಿಟ್ಟು, ಇವೆರಡು ಆರಾಮವಾಗಿದ್ದವು, ಉಳಿದ ಐದು ಜೀವ ತೇಯ್ದಿವೆ ನೋಡಿ ಎಂದ. ಸಾಣೆ ಹಿಡಿದು ಹಿಡಿದು ಐದರ ಅಲಗು ಸಣ್ಣಗಾಗಿತ್ತು. ಎರಡರದು ಇನ್ನೂ ಅಗಲವಿತ್ತು.

ಮುದುಕನಿಗೆ ಏನು ಗೊತ್ತು, ಕಮ್ಮಿಗೆ ಹೊಡೆಯುವ ನಾಟಕ ಎಂದು ವಾಪಸ್ ಬರುವಾಗ ದಾರಿಯುದ್ದಕ್ಕೂ ಗೊಣಗಿದೆ. ಪೆಟ್ಟಿಗೆ ಮತ್ತೆ ಶೋಕೇಸಿಗೆ ಹೋಯಿತು.

ಅದಾದ ಹತ್ತು ದಿನಕ್ಕೆ ಅಕ್ಕನ ಫೋನು. ಅಕ್ಕ ಈಗಲೂ ಆಂಟಾಪ್ ಹಿಲ್‌ನಲ್ಲೇ ಇದ್ದಾಳೆ, ಮೊದಲಿನ ಚಾಳು ಕೆಡವಿ ಕಟ್ಟಿದ ಬಿಲ್ಡಿಂಗಿನ ನಾಲ್ಕನೆಯ ಮಾಳಿಗೆಯಲ್ಲಿ. ಒಬ್ಬಳೇ ಮಗಳು, ಅಳಿಯ, ಎಲ್ಲ ಒಟ್ಟಿಗೆ. ಮಗಳಿಗೆ ಮದುವೆಯಾಗಿ ಹತ್ತು ವರ್ಷದ ಮೇಲೆ, ಎಷ್ಟೋ ಆಸ್ಪತ್ರೆ ತಿರುಗಿದ ಮೇಲೆ, ಗಂಡುಕೂಸು ಹುಟ್ಟಿತ್ತು. ಅಕ್ಕ ಆ ಕೂಸನ್ನು ನೆಲಕ್ಕಿಡುವುದೇ ಇಲ್ಲ.

"ತಮ್ಮಾ, ಉಂಡೇನೋ?"

"ಆತಕ್ಕಾ. ಹೇಳು."

"ಕೂಸಿನ ಜಾವಳಾ ಬರೂ ಐತಾರ ಇಟ್ಕೊಂಡೀವಿ. ಇಕಿಗೆ ಅಣ್ಣತಮ್ಮಂದ್ರು ಎಲ್ಲಿ ಬರಬೇಕು? ಸೋದರಮಾವನ ಜಾಗಾದಾಗ ನೀನ ಕುಂದರಬೇಕು. ನಿನ್ನ ತೊಡಿಮ್ಯಾಲೆ ಕೂಸಿನ ತಲಿ ಬೋಳಸೂದು."

"ಅದಕ್ಕೇನಕ್ಕಾ, ಬರ್ತೀನಿ."

"ಮತ್ತ ಅಪ್ಪನ ಜಾವಳದ ವಸ್ತರಾ ತಗೊಂಡು ಬಾ. ನಿನ್ನ ಜಾವಳಾ ಅದರಿಂದ ಆಗೇತಿ, ನನ್ನ ಮಗಳದ್ದೂ ಅದರಿಂದನ ಆಗೇತಿ. ಈಗಿನವ್ರು ಬ್ಲೇಡಿನಿಂದ ಮಾಡ್ಲೇಳು, ಆದ್ರ ಮೊದಲ್ನೇ ಕೈ ಅಪ್ಪಂದಿರ್ಲಿ."

ಜಾವಳದ ವಸ್ತರಾ! ಆ ಮಾತು ಕೇಳಿ ನನಗೆ ಎಲ್ಲ ನೆನಪಾಯಿತು. ಐದು ಕತ್ತಿ ಅಂಗಡಿಗೆ. ಒಂದು ಕೂಸುಗಳ ಮೊದಲ ಕೂದಲು ತೆಗೆಯುವುದಕ್ಕೆ. ಇನ್ನೊಂದು, ಯಾರಾದರೂ ಸತ್ತ ಮನೆಯಲ್ಲಿ ಗಂಡುಮಕ್ಕಳ ತಲೆ ಬೋಳಿಸುವುದಕ್ಕೆ. ಈ ಎರಡನ್ನು ಅಪ್ಪ ಬೇರೆ ಯಾವುದಕ್ಕೂ ಮುಟ್ಟುತ್ತಿರಲಿಲ್ಲ. ಸಾವಿನ ಕತ್ತಿಯನ್ನು ಒಯ್ದು ಬಂದ ದಿನ ಅದಕ್ಕೂ ಸ್ನಾನ, ಅವನಿಗೂ ಸ್ನಾನ, ಆಮೇಲೆ ಒಳಗೆ ಬರುವುದು. ಅದು ಬೇರೆ ಯಾರ ನಿಯಮವೋ ಗೊತ್ತಿಲ್ಲ, ನಮ್ಮಪ್ಪನ ನಿಯಮ.

"ಯಾವುದಂತ ಹೆಂಗ ಗೊತ್ತಾಗಬೇಕಕ್ಕಾ? ಏಳೂ ಒಂದs ಥರ ಅದಾವಲ್ಲ" ಎಂದೆ.

"ಅಯ್ಯ, ಗುರ್ತು ಐತೆಲ್ಲೋ, ಕುತ್ಗಿ ಮ್ಯಾಲೆ. ನಾನ ಕೊರದೀನಿ! ನೀ ಸಣ್ಣಾವಿದ್ದಿ, ನಿನಗ ನೆನಪಿಲ್ಲ. ಒಂದಿನಾ ಅಪ್ಪ ಗಡಬಡಿಯೊಳಗ ಸತ್ತವರ ಮನಿಗೆ ಒಯ್ಯೂದನ್ನ ಜಾವಳಕ್ಕ ಒಯ್ದುಬಿಟ್ಟಿದ್ದ. ಅರ್ಧಾ ದಾರಿಯೊಳಗ ನೆನಪಾಗಿ ಹಂಗ ತಿರುಗಿ ಬಂದ ನೋಡು, ಬಿಸಲಾಗ, ಬೆವತು ನೀರಾಗಿ. ಅವರು ಕಾಯ್ಕೋತ ಕುಂತಿದ್ರು, ಬೈದ್ರು, ಬೈಸ್ಕೊಂಡ. ಅವತ್ತ ಸಂಜಿಗೆ ನನಗೊಂದು ಮುರದ ಅರಾ ಕೊಟ್ಟು, ನೀ ಸಾಲಿ ಕಲತಾಕಿ, ಬರಿ ಅಂದ. ಜಾವಳದ್ದಕ್ಕ 'ಜಾ' ಅಂತ ಬರದೆ. ಇನ್ನೊಂದಕ್ಕ ಅಕ್ಷರ ಬ್ಯಾಡ, ಬರೇ ಗೀಟು ಹೊಡಿ ಅಂದ. ಬಟ್ಟು ಕುಯ್ಕೊಂಡು ರಕ್ತ ಬಂದಿತ್ತು ನನಗ. ಐತೆಲ್ಲಾ ಅದು?"

ಅರ ಅಂದರೆ ಉಕ್ಕನ್ನು ಸವೆಸುವ ಹತಾರ. ಒಂಬತ್ತು ವರ್ಷದ ಹುಡುಗಿ ಅದರ ಮುರಿದ ಮೂತಿಯಿಂದ ಅಕ್ಷರ ಕೊರೆದಿದ್ದಾಳೆ. ನನ್ನ ಒಂದು ಇಡೀ ಮಧ್ಯಾಹ್ನ ತಿಂದ ಗೀರು ಅದು.

"ಐತಕ್ಕಾ" ಎಂದೆ.

ಥೂ, ಆ ಒಂದು ಮಾತು! ಇಲ್ಲ ಅನ್ನಲು ಅಷ್ಟೇ ಹೊತ್ತು ಸಾಕಾಗುತ್ತಿತ್ತು. ಅಕ್ಕ ಎರಡು ಮಾತು ಬೈಯುತ್ತಿದ್ದಳು, ಅತ್ತರೆ ಅಳುತ್ತಿದ್ದಳು. ನನ್ನ ಬಾಯಿಗೆ ಏನಾಗಿತ್ತು ಆವತ್ತು? ಅವಳು ಬರೆದದ್ದೆಂದು ಈ ಲೋಕದಲ್ಲಿ ಉಳಿದಿದ್ದ ಒಂದೇ ಒಂದು ಅಕ್ಷರವನ್ನು ನಾನು ಎಮರಿ ಪೇಪರ್ ಹಾಕಿ ತಿಕ್ಕಿದ್ದೆ. ಅದನ್ನು ಹೇಗೆ ಹೇಳುವುದು? ಅಕ್ಕನಿಗೆ ಈಗ ಬರೆಯುವ ರೂಢಿ ತಪ್ಪಿದೆ. ಸಹಿ ಮಾಡುವಾಗ ಬೆವರುತ್ತಾಳೆ, ಮೊಬೈಲಿನಲ್ಲಿ ಎಲ್ಲದಕ್ಕೂ ಮಾತನ್ನೇ ರೆಕಾರ್ಡ್ ಮಾಡಿ ಕಳಿಸುತ್ತಾಳೆ.

ಶೋಕೇಸಿನಿಂದ ಏಳೂ ಕತ್ತಿ ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ಭೂತಗನ್ನಡಿಯಲ್ಲಿ ನೋಡಿದೆ, ಓರೆ ಮಾಡಿ ನೋಡಿದೆ, ಉಗುರಾಡಿಸಿ ನೋಡಿದೆ. ಒಂದು ಗುರುತಾದರೂ ಉಳಿದಿದ್ದರೆ! ಇರಲಿಲ್ಲ. ನನ್ನ ಕೈಯಿಂದ ಹೋದ ಮಾಲು ಅದು, ಗೀರು ಹೇಗೆ ಉಳಿದೀತು?

ಆಗ ಅಂಗಡಿಯ ಮುದುಕನ ಮಾತು ನೆನಪಾಯಿತು. ಎರಡು ಕತ್ತಿ ಆರಾಮವಾಗಿದ್ದವು. ದಿನಾ ಬಳಸಿದ ಐದು ಸವೆದಿವೆ, ಅಪರೂಪಕ್ಕೆ ಹೊರಬಂದ ಎರಡು ಅಗಲವಾಗಿ ಉಳಿದಿವೆ. ಅಂದರೆ ಆ ಎರಡರಲ್ಲೇ ಒಂದು ಜಾವಳದ್ದು. ಇನ್ನೊಂದು ಸಾವಿನದು. ಏಳರಲ್ಲಿ ಐದನ್ನು ತೆಗೆದುಹಾಕಿ ನಾನು ಬಂದು ನಿಂತದ್ದು ಎಂಥ ಎರಡರ ಮುಂದೆ!

ವರ್ನಿಯರ್ ತೆಗೆದು ಅಗಲ ಅಳೆದೆ. ಒಂದಕ್ಕಿಂತ ಇನ್ನೊಂದು ಕೂದಲೆಳೆಯಷ್ಟು ಅಗಲ. ಹಾಗಾದರೆ ಕಡಿಮೆ ಬಳಸಿದ್ದು ಯಾವುದು? ಅಪ್ಪನ ಕಾಲದ ಆಂಟಾಪ್ ಹಿಲ್‌ನಲ್ಲಿ ಹುಟ್ಟು ಹೆಚ್ಚೋ, ಸಾವು ಹೆಚ್ಚೋ? ಕೂಸಿನ ತಲೆಗೆ ಕತ್ತಿ ಸವೆಯುವುದಿಲ್ಲ, ಗಂಡಸರ ತಲೆಗೆ ಸವೆಯುತ್ತದೆ. ಒಂದು ಸಾವಿಗೆ ಮೂರು ನಾಲ್ಕು ತಲೆಗಳೂ ಬೋಳಾಗುತ್ತವೆ. ಹಾಗಿದ್ದರೆ ಅಗಲ ಇದ್ದದ್ದು ಜಾವಳದ್ದಾಗಬೇಕು. ಇಷ್ಟು ತರ್ಕ ಮಾಡಿದ ಮೇಲೆ ಇನ್ನೊಂದು ಮಾತು ಹೊಳೆಯಿತು. ನಾನು ಬಫಿಂಗ್ ಮಾಡುವಾಗ ತೆಗೆದ ಉಕ್ಕೇ ಆ ಕೂದಲೆಳೆಗಿಂತ ಹೆಚ್ಚು. ಯಾವುದನ್ನು ಹೆಚ್ಚು ಉಜ್ಜಿದೆ, ಯಾವುದನ್ನು ಕಡಿಮೆ, ನನಗೇನು ಗೊತ್ತು? ಅಳತೆಗೆ ಅರ್ಥವೇ ಇರಲಿಲ್ಲ.

ನನ್ನ ಹೆಂಡತಿ ಎಲ್ಲ ಕೇಳಿಸಿಕೊಂಡು, "ಅಕ್ಕಾವ್ರಿಗೆ ಖರೇ ಹೇಳಿಬಿಡ್ರಿ. ಬೈತಾರ, ಆಮ್ಯಾಲೆ ಚಹಾ ಕೊಡ್ತಾರ. ಇಷ್ಟ ಅಲ್ಲೇನ್ರೀ?" ಎಂದಳು.

"ನಿನಗ ತಿಳಿಯೂದಿಲ್ಲ, ಹೋಗು" ಎಂದು ರೇಗಿದೆ. ಅವಳಿಗೆ ತಿಳಿದಿತ್ತು. ತಿಳಿಯದವನು ನಾನು.

ಎರಡು ದಿನ ಫೋನು ಕೈಯಲ್ಲಿ ಹಿಡಿಯುವುದು, ಇಡುವುದು. ಮೂರನೆಯ ದಿನ ಫೋನು ಬಿಟ್ಟು ಸ್ಕ್ರೈಬರ್ ಹಿಡಿದೆ. ಉಕ್ಕಿನ ಮೇಲೆ ಗೆರೆ ಎಳೆಯುವ ಮೊನಚು ಕಡ್ಡಿ ಅದು, ಕಾರ್ಖಾನೆಯ ನೆನಪಿಗೆಂದು ಇಟ್ಟುಕೊಂಡದ್ದು. ಒಂದು ಹಳೆಯ ಉಕ್ಕಿನ ಪಟ್ಟಿಯ ಮೇಲೆ ಅಭ್ಯಾಸ ಮಾಡಿದೆ. ಜಾ, ಜಾ, ಜಾ. ಮಗುವಿನ ಕೈಯ ಹಾಗೆ ಕಾಣಲೆಂದು ಎಡಗೈಯಲ್ಲಿ ಬರೆದೆ. ಒಂಬತ್ತು ವರ್ಷದ ಹುಡುಗಿಗೆ ಉಕ್ಕಿನ ಮೇಲೆ ಎಲ್ಲಿ ಕೈ ಜಾರೀತು, ಎಲ್ಲಿ ಒತ್ತಿ ಹಿಡಿದಾಳು ಎಂದೆಲ್ಲ ಯೋಚಿಸಿದೆ. ಹಾಗೆ ಯೋಚಿಸುವಾಗ ಅಕ್ಕನ ಬಗ್ಗೆ ಅಷ್ಟು ಹೊತ್ತು ನಾನು ಜೀವಮಾನದಲ್ಲೇ ಯೋಚಿಸಿದವನಲ್ಲ ಎಂದು ಗೊತ್ತಾಯಿತು. ಆದರೂ ಕೈ ನಿಲ್ಲಲಿಲ್ಲ. ಎರಡರಲ್ಲಿ ಅಗಲವಾದದ್ದನ್ನು ಎತ್ತಿಕೊಂಡು ಕುತ್ತಿಗೆಯ ಮೇಲೆ ಕೊರೆದೆ. ವಕ್ರವಾಗಿ ಬಿಡಬೇಕೆಂದುಕೊಂಡರೂ ಕೊನೆಯಲ್ಲಿ ಹಾಳು ಚಟ ಬಿಡಲಿಲ್ಲ, ಒಂದೆಡೆ ತಿದ್ದಿದೆ, ಇನ್ನೊಂದೆಡೆ ದುಂಡಗೆ ಮಾಡಿದೆ. ಚಹಾದ ಡಿಕಾಕ್ಷನ್ನಿನಲ್ಲಿ ನೆನೆಸಿ, ಮಸಿ ತುಂಬಿ ಒರೆಸಿದ ಮೇಲೆ ಐವತ್ತೆಂಟು ವರ್ಷದ ಹಿಂದಿನ ಅಕ್ಷರದ ಹಾಗೇ ಕಂಡಿತು. ಒಳ್ಳೆಯ ಕೆಲಸ ಎಂದು ನನಗೇ ಅನ್ನಿಸಿತು. ಇದಕ್ಕಿಂತ ನಾಚಿಕೆಯ ಮಾತು ಇನ್ನೇನಿದೆ?

ಐತಾರ ಮೆಗಾ ಬ್ಲಾಕ್, ಹಳಿ ರಿಪೇರಿಗೆಂದು ಅರ್ಧ ಗಾಡಿಗಳು ಬಂದ್. ನಿಂತು ನಿಂತು ಬಂದ ಲೋಕಲ್ಲಿನಲ್ಲಿ ಹೆಂಡತಿಯ ಜೊತೆ ದಾದರ್‌ಗೆ ಬಂದು, ಸೇತುವೆ ಹತ್ತಿ, ಬಸ್ಸಿನ ಕಡೆ ಹೋಗುವಾಗ ಕಾಲು ತಡೆಯಿತು. ಅರ್ಧ ದಾರಿ. ಅಪ್ಪ ಇಂಥಲ್ಲಿ ತಿರುಗಿದ್ದ. ಬಿಸಿಲಲ್ಲಿ, ಬೈಸಿಕೊಳ್ಳುವುದು ಗೊತ್ತಿದ್ದೂ ತಿರುಗಿದ್ದ. ಓದು ಬರಹ ಬಾರದ, ನಾನು ನಾಚಿಕೆಪಟ್ಟ ಮನುಷ್ಯ. ಹೆಂಡತಿ ನನ್ನ ಮುಖ ನೋಡಿ, "ಈಗರ ಹೇಳ್ರಿ, ಫೋನ್ ಮಾಡಿ ಹೇಳ್ರಿ" ಎಂದಳು. ಹಿಂದಿನಿಂದ ಜನ ನೂಕಿದರು, ನಾನು ಮುಂದೆ ನಡೆದೆ. ನೂಕಿದ್ದಕ್ಕೆ ನಡೆದೆ ಎಂದು ಹೇಳಿಕೊಳ್ಳಬಹುದು, ಆದರೆ ಹತ್ತಿಪ್ಪತ್ತು ಹೆಜ್ಜೆಯ ಮೇಲೆ ಯಾರೂ ನೂಕುತ್ತಿರಲಿಲ್ಲ.

ಅಕ್ಕನ ಮನೆಯ ತುಂಬ ಜನ. ಕೂಸಿಗೆ ಹೊಸ ಅಂಗಿ, ಹಣೆಗೆ ಕುಂಕುಮ, ನನಗೆ ಚೌಕಿ. ಕೂಸನ್ನು ತಂದು ತೊಡೆಯ ಮೇಲೆ ಕೂರಿಸಿದರು. ಹನ್ನೊಂದು ತಿಂಗಳ ಪೋರ, ನನ್ನ ಕನ್ನಡಕ ಕಿತ್ತುಕೊಳ್ಳಲು ನೋಡುತ್ತಿತ್ತು. ಕೆಳಗಿನ ಸಲೂನಿನಿಂದ ಬಂದವನು ತನ್ನ ಬ್ಲೇಡು ಹಾಕುವ ಕತ್ತಿ ತಂದಿದ್ದ. ಅಕ್ಕ ಅವನನ್ನು ತಡೆದು ನನ್ನ ಕಡೆ ಕೈ ಚಾಚಿದಳು. ನಾನು ಬಟ್ಟೆ ಬಿಚ್ಚಿ ಕೊಟ್ಟೆ. ಅವಳು ಅದನ್ನು ಕಣ್ಣಿಗೊತ್ತಿಕೊಂಡು ಅವನ ಕೈಗೆ ದಾಟಿಸಿ, "ಪಹಲಾ ಹಾಥ್ ಇಸ್‌ಸೆ, ಮೇರೆ ಬಾಪ್ ಕಾ ಹೈ" ಎಂದಳು, ಮೊದಲ ಕೈ ಇದರಿಂದ, ನನ್ನಪ್ಪನದು ಎಂದು.

ಅವನು ಬಿಚ್ಚಿ ಹೆಬ್ಬೆರಳ ಮೇಲೆ ಧಾರೆ ನೋಡಿ, ಕ್ಯಾ ಬಾತ್ ಹೈ ಎಂದು ತಲೆದೂಗಿದ. ನಾನು ಎರಡೂ ಅಂಗೈಯಲ್ಲಿ ಕೂಸಿನ ತಲೆ ಹಿಡಿದಿದ್ದೆ. ನೆತ್ತಿ ಬಡಿದುಕೊಳ್ಳುವುದು ಕೈಗೆ ತಿಳಿಯುತ್ತಿತ್ತು. ಆ ಕತ್ತಿ ಯಾರ ಯಾರ ಮನೆಯ ಅಂಗಳದಲ್ಲಿ, ಯಾವ ಯಾವ ಗಂಡಸರ ಬಗ್ಗಿದ ತಲೆಗಳ ಮೇಲೆ ಹರಿದಿತ್ತೋ. ಅಥವಾ ಅದು ಜಾವಳದ್ದೇ ಆಗಿ, ನನ್ನದೇ ಎಳೆತಲೆಯ ಮೇಲೆ ಹರಿದಿತ್ತೋ. ಬೇಡ ಎನ್ನಲು ಬಾಯಿ ತೆರೆದೆ. ಎಲ್ಲರೂ ನನ್ನ ಕಡೆ ನೋಡಿದರು.

"ಸಾವಕಾಶ" ಎಂದೆ, ಅಷ್ಟೇ.

ಹಣೆಯಿಂದ ಹಿಂದಕ್ಕೆ ಒಂದೇ ಪಟ್ಟಿ. ಎಳೆಗೂದಲು ನನ್ನ ಧೋತರದ ಮೇಲೆ ಬಿತ್ತು. ಉಳಿದದ್ದನ್ನು ಅವನು ತನ್ನ ಬ್ಲೇಡಿನಿಂದ ಮುಗಿಸಿದ. ಕೂಸು ಸ್ವಲ್ಪ ಅತ್ತಿತು, ಬೋಳುತಲೆ ತೊಳೆದು ಅರಿಶಿನ ಹಚ್ಚಿದ ಮೇಲೆ ನಕ್ಕಿತು. ಅದು ಇವತ್ತಿಗೂ ಗುಂಡುಕಲ್ಲಿನ ಹಾಗಿದೆ, ಓಡಾಡುತ್ತದೆ. ಅದಕ್ಕೆ ಕೆಮ್ಮು ಬಂತೆಂದು ಕೇಳಿದರೂ ನನಗೆ ಊಟ ಇಳಿಯುವುದಿಲ್ಲ, ಅದು ಬೇರೆ ಮಾತು.

ಊಟವಾದ ಮೇಲೆ ಅಕ್ಕ ಕತ್ತಿಯನ್ನು ತೊಳೆದು ಸೆರಗಿನಿಂದ ಒರೆಸಿ, ಕನ್ನಡಕ ಹಾಕಿಕೊಂಡು ನನ್ನ ಪಕ್ಕ ಕೂತಳು. ಕುತ್ತಿಗೆಯನ್ನು ಬೆಳಕಿಗೆ ತಿರುಗಿಸಿದಳು. ಗುರುತು ಹಿಡಿಯುತ್ತಾಳೆ, ಹಿಡಿದುಬಿಡಲಿ, ಒಮ್ಮೆ ಮುಗಿದುಹೋಗಲಿ ಎಂದೂ ಅನ್ನಿಸಿತು.

"ಎಲಾ, ಐತಿ ನೋಡೋ!" ಎಂದಳು. ಬೆರಳಿನಿಂದ ಅಕ್ಷರವನ್ನು ತೀಡಿದಳು. ಮಗಳನ್ನು ಕರೆದು ತೋರಿಸಿದಳು. "ನೋಡs, ನಾ ಬರದದ್ದು. ಒಂಬತ್ತು ವರ್ಷದಾಕಿ ಇದ್ದೆ."

"ಅವ್ವಾ, ಸಚ್ಚಿ? ನೀ ಬರ್ದಿದ್ದಾ? ಕಿತ್ನಾ ಸುಂದರ್ ಹೈ!" ಎಂದು ಮಗಳು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡಳು.

ಅಕ್ಕ ಆ ಫೋಟೋ ಮುಗಿಯುವ ತನಕ ನಗುತ್ತಿದ್ದಳು. ಆಮೇಲೆ ಮಗಳ ಕೈಯಿಂದ ಪೆನ್ನು ಇಸಿದುಕೊಂಡಳು. ಪೇಢೆಯ ಡಬ್ಬಿಯ ಮುಚ್ಚಳ ಮಗುಚಿ, ಅದರ ಮೇಲೆ ಬರೆಯಲು ಕೂತಳು. ಕತ್ತಿಯನ್ನು ಪಕ್ಕದಲ್ಲಿಟ್ಟುಕೊಂಡು, ಅದನ್ನು ನೋಡುತ್ತಾ, ಜಾ. ಕೈ ನಡುಗಿ ಗೆರೆ ಓಡಿತು. ಇನ್ನೊಮ್ಮೆ ಬರೆದಳು. ಕತ್ತಿಯ ಮೇಲಿನ ದುಂಡು ಅವಳ ಕೈಗೆ ಬರಲಿಲ್ಲ. ಮೂರನೆಯ ಸಲ ಅರ್ಧಕ್ಕೇ ನಿಲ್ಲಿಸಿದಳು. ಡಬ್ಬಿಯ ಮೇಲಿನದನ್ನೂ ಕತ್ತಿಯ ಮೇಲಿನದನ್ನೂ ಬಹಳ ಹೊತ್ತು ನೋಡಿದಳು.

"ಆಗ ಎಷ್ಟು ಛಂದ ಬರೀತಿದ್ದೆ ನೋಡು. ಕೈ ಕೆಟ್ಟುಹೋತು" ಎಂದಳು. ಪೆನ್ನಿಗೆ ಟೊಪ್ಪಿಗೆ ಹಾಕಿದಳು. "ನನ್ನ ಸಾಲಿ ಬಿಡಸಬಾರದಿತ್ತೋ ತಮ್ಮಾ."

ಅವ್ವನ ಹಾಸಿಗೆಯ ಪಕ್ಕ ನಿಂತವಳು, ಅಂಗಡಿಯ ಕೂದಲು ಗುಡಿಸಿದವಳು, ನನ್ನ ಟ್ರೇಡಿನ ಎರಡು ವರ್ಷ ನಸುಕಿನಲ್ಲೆದ್ದು ಡಬ್ಬಿ ಕಟ್ಟಿದವಳು. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಆ ಮಾತು ಆಡಿರಲಿಲ್ಲ. ಈಗ ಆಡಿದಳು, ನನ್ನ ಅಕ್ಷರ ನೋಡಿ. ಅದು ನಿನ್ನದಲ್ಲ ಅಕ್ಕಾ, ನಾನು ಬರೆದದ್ದು ಎಂದು ಆಗ ಹೇಳಿದರೆ ಅವಳಿಗೆ ಉಳಿಯುವುದೇನು? ಹೇಳದಿದ್ದರೆ ಉಳಿಯುವುದಾದರೂ ಏನು? ಎರಡೂ ದಾರಿ ನಾನೇ ಕಟ್ಟಿಹಾಕಿದ್ದೆ.

"ಹೌದಕ್ಕಾ, ಬಿಡಸಬಾರದಿತ್ತು" ಎಂದೆ.

ಆ ಕತ್ತಿ ಈಗ ಅಕ್ಕನ ಬಳಿ ಇದೆ, ಅಪ್ಪನ ಫೋಟೋದ ಮುಂದೆ. ಬಂದವರಿಗೆಲ್ಲ ತೋರಿಸುತ್ತಾಳಂತೆ. ಉಳಿದ ಆರನ್ನು ನಾನು ಶೋಕೇಸಿನಿಂದ ತೆಗೆದಿದ್ದೇನೆ. ಹೆಂಡತಿ ಈಗ ಹೇಳ್ರಿ ಅನ್ನುವುದನ್ನು ಬಿಟ್ಟಿದ್ದಾಳೆ, ನಾನು ಅಕ್ಕನಿಗೆ ಏನೂ ಹೇಳಿಲ್ಲ. ಇದನ್ನೆಲ್ಲ ಬರೆದಿಡಬೇಕೆನ್ನಿಸಿ ಬರೆದೆ. ಇಷ್ಟುದ್ದ ಬರೆದದ್ದನ್ನು ಓದುವಷ್ಟು ಓದು ಅಕ್ಕನಿಗಿಲ್ಲ. ಅದು ಗೊತ್ತಿದ್ದೇ ಬರೆದಿದ್ದೇನೆ.